ಗಾಳದ ಕೋಲು, ರೀಲು ಮತ್ತು ಮಂಗಳೂರಿನಲ್ಲಿ ಪ್ರಕಟವಾದ ಒಂದು ಪುಸ್ತಕ

ದೊಡ್ಡ ಮೀನು ಹಿಡಿಯಲು ಯಾವ ಕೋಲು, ಯಾವ ರೀಲು? ಬೋಟಿನಲ್ಲಿ ಸಮುದ್ರಕ್ಕೆ ಹೋಗಿ ಗಾಳ ಹಾಕುವ ಹವ್ಯಾಸ ಇರುವವರಿಗೆಲ್ಲ ಮೊದಲು ಏಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕುವವರು ಈಗ ಮೊಬೈಲ್ ತೆಗೆಯುತ್ತಾರೆ. ಆದರೆ ಇದೇ ಪ್ರಶ್ನೆಯನ್ನು ಹಿಡಿದು ಬರೆದ ದೊಡ್ಡ ಪುಸ್ತಕವೊಂದು 150 ವರ್ಷಗಳ ಹಿಂದೆಯೇ ನಮ್ಮ ಜಿಲ್ಲೆಯಿಂದ ಹೊರಬಂದಿತ್ತು.

ಪುಸ್ತಕದ ಹೆಸರು ‘ದ ರಾಡ್ ಇನ್ ಇಂಡಿಯಾ’. 1873ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪುಸ್ತಕ ಭಂಡಾರ ಅದನ್ನು ಪ್ರಕಟಿಸಿತು. ಬರೆದವರು ಹೆನ್ರಿ ಸಲ್ಲಿವನ್ ಥಾಮಸ್. ಮದ್ರಾಸ್ ಸರಕಾರದ ಅಧಿಕಾರಿ, ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ಆಗ ಪುತ್ತೂರು, ಕಡಬ ಎಂಬ ತಾಲೂಕುಗಳಿರಲಿಲ್ಲ, ನಮ್ಮ ಕಡೆಗೆ ಉಪ್ಪಿನಂಗಡಿಯೇ ತಾಲೂಕು. ಮುಂದೆ 1881ರಲ್ಲಿ ಈ ಪುಸ್ತಕ ಲಂಡನ್ನಿನಲ್ಲಿ ಮತ್ತೆ ಅಚ್ಚಾಯಿತು, 1897ರಲ್ಲಿ ಮೂರನೇ ಆವೃತ್ತಿಯೂ ಬಂತು.

ಥಾಮಸರ ಪುಸ್ತಕದ ನಾಯಕ ಸಮುದ್ರದ ಮೀನಲ್ಲ, ಹೊಳೆಯ ಮೀನು. ಶಿಶಿಲದಲ್ಲಿ, ತೊಡಿಕಾನದಲ್ಲಿ ನಾವು ಕೈಮುಗಿದು ಅಕ್ಕಿ, ಚರುಮುರಿ ಹಾಕುತ್ತೇವಲ್ಲ, ಆ ದೇವರ ಮೀನಿನ ಕುಲದ್ದು. ಇಂಗ್ಲಿಷಿನವರು ಇದನ್ನು ಮಹಶೀರ್ ಎಂದರು. ಅದೇ ತೂಕದ ಸಾಲ್ಮನ್ ಮೀನಿಗಿಂತ ಇದು ಹೆಚ್ಚು ಜೋರಾಗಿ ಹೋರಾಡುತ್ತದೆ ಎಂಬುದು ಥಾಮಸರ ಅಭಿಪ್ರಾಯ.

ಹಗ್ಗ ಬಿಡಲು ಗೊತ್ತಿರಬೇಕು

ನಮ್ಮ ಹಳ್ಳಿಯ ಗಾಳಕ್ಕೆ ರೀಲು ಇಲ್ಲ. ಬಿದಿರಿನ ಕೋಲು, ತುದಿಗೆ ದಾರ, ದಾರಕ್ಕೆ ಕೊಕ್ಕೆ, ಕೊಕ್ಕೆಗೆ ಎರೆಹುಳು. ಸಣ್ಣ ಮೀನಿಗೆ ಇಷ್ಟೇ ಸಾಕು. ಹತ್ತು ಕಿಲೋದ ಮೀನು ಕಚ್ಚಿದರೆ ಮಾತ್ರ ದಾರ ತುಂಡಾಗುತ್ತದೆ, ಇಲ್ಲವೇ ಕೋಲು ಮುರಿಯುತ್ತದೆ. ಕೊಡಲು ಹೆಚ್ಚಿನ ದಾರವೇ ಇಲ್ಲವಲ್ಲ!

ಕೊಯಿಲದಲ್ಲಿ ಸರಕಾರದ ಜಾನುವಾರು ಕ್ಷೇತ್ರವೇ ಇದೆ, ಹಾಗಾಗಿ ದನದ ಉದಾಹರಣೆ ಕೊಡುತ್ತೇನೆ. ಬೆದರಿದ ಹೋರಿಯ ಹಗ್ಗವನ್ನು ಬರಿಗೈಯಲ್ಲಿ ಎಳೆದು ನಿಂತರೆ ಕೈ ಸುಲಿಯುತ್ತದೆ. ಗೊತ್ತಿರುವವರು ಹಗ್ಗವನ್ನು ಮರಕ್ಕೆ ಒಂದು ಸುತ್ತು ಹಾಕಿ, ಸ್ವಲ್ಪ ಸ್ವಲ್ಪ ಜಾರಲು ಬಿಡುತ್ತಾರೆ. ಹೋರಿ ಎಳೆಯುತ್ತದೆ, ಹಗ್ಗ ಜಾರುತ್ತದೆ, ಹೋರಿ ದಣಿಯುತ್ತದೆ. ರೀಲಿನ ಕೆಲಸವೂ ಇದೇ. ಮೀನನ್ನು ಎಳೆಯುವುದಕ್ಕಿಂತ ಮೊದಲು, ಬಿಗಿ ತಪ್ಪದಂತೆ ದಾರ ಬಿಟ್ಟುಕೊಡುವುದು.

ಮಹಶೀರ್ ಕೊಕ್ಕೆ ಕಚ್ಚಿದ ಕೂಡಲೇ ಓಡುವ ಮೊದಲ ಓಟವೇ ಅದರ ದೊಡ್ಡ ಓಟ. ಆ ಓಟವನ್ನು ತಡೆದು ನಿಲ್ಲಿಸಲು ಹೋದವರು ಮೀನನ್ನೂ ದಾರವನ್ನೂ ಕಳೆದುಕೊಳ್ಳುತ್ತಾರೆ. ಹಾಗಾಗಿ ಉದ್ದದ ದಾರ ಹಿಡಿಸುವ ರೀಲು ಬೇಕು. ಅದರ ಬಾಯಿಯ ಹಿಡಿತಕ್ಕೆ ಸಾಧಾರಣ ಕೊಕ್ಕೆ ನಜ್ಜುಗುಜ್ಜಾಗುವುದರಿಂದ ಕೊಕ್ಕೆಯೂ ಗಟ್ಟಿ ಇರಬೇಕು. ಸಲಕರಣೆಯನ್ನು ಅಂಗಡಿಯ ಚಂದ ನೋಡಿ ಅಲ್ಲ, ಮೀನಿನ ಓಟ ನೋಡಿ ಆರಿಸಬೇಕು ಎಂಬ ಪಾಠ ಇದರಲ್ಲಿದೆ.

ಆ ಕಾಲದ ದಾರ ರೇಷ್ಮೆಯದು, ರೀಲು ಹಿತ್ತಾಳೆಯದು ಅಥವಾ ಮರದ್ದು. ಕೋಲಿನ ವಿಷಯದಲ್ಲಿ ನಮ್ಮ ದೇಶವೇ ಮುಂದಿತ್ತು. ಭಾರತದ ಬಿದಿರು ‘ಕಲ್ಕತ್ತಾ ಬಿದಿರು’ ಎಂಬ ಹೆಸರಿನಲ್ಲಿ ಹಡಗು ಹತ್ತಿ ಇಂಗ್ಲೆಂಡ್, ಅಮೆರಿಕಕ್ಕೆ ಹೋಗುತ್ತಿತ್ತು. ಅಲ್ಲಿನವರು ಅದನ್ನು ಸೀಳಿ, ಆರು ಪಟ್ಟಿಗಳನ್ನು ಅಂಟಿಸಿ, ದುಬಾರಿ ಕೋಲು ಮಾಡುತ್ತಿದ್ದರು.

ಹೊಳೆಯಿಂದ ಸಮುದ್ರಕ್ಕೆ

ಕೊಯಿಲದ ಹತ್ತಿರ ಹರಿಯುವ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ಮಂಗಳೂರಿನಲ್ಲಿ ಸಮುದ್ರ ಕಾಣುತ್ತದೆ. ಕೋಲು, ರೀಲಿನ ಕಥೆಯೂ ಹೀಗೆಯೇ ಹೊಳೆಯಿಂದ ಸಮುದ್ರಕ್ಕೆ ಹೋಯಿತು. ಆದರೆ ಆ ಅಧ್ಯಾಯ ನಡೆದದ್ದು ದೂರದ ಅಮೆರಿಕದಲ್ಲಿ.

1898ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಟಲೀನಾ ದ್ವೀಪದ ಬಳಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಎಂಬವರು ಕೋಲು, ರೀಲಿನಲ್ಲೇ 183 ಪೌಂಡಿನ, ಅಂದರೆ ಸುಮಾರು 83 ಕಿಲೋದ ಟ್ಯೂನಾ ಹಿಡಿದರು. ನಮ್ಮ ಕರಾವಳಿಯ ಕೇದರದ ದೊಡ್ಡ ದಾಯಾದಿ ಅದು. ಅದೇ ವರ್ಷ ಅಲ್ಲಿ ಟ್ಯೂನಾ ಕ್ಲಬ್ ಹುಟ್ಟಿತು.

ಆಗಿನ ರೀಲಿನಲ್ಲಿ ಒಂದು ದೊಡ್ಡ ತೊಂದರೆ ಇತ್ತು. ಮೀನು ಓಡಿದಾಗ ದಾರದ ಉರುಳೆಯ ಜೊತೆಗೆ ಹಿಡಿಕೆಯೂ ಹಿಂದಕ್ಕೆ ಗಿರಗಿರ ತಿರುಗುತ್ತಿತ್ತು. ಬೆರಳು ಅಡ್ಡ ಸಿಕ್ಕರೆ ಗಂಟು ಮುರಿಯುತ್ತಿತ್ತು. ಬ್ರೇಕು ಎಂದರೆ ಹೆಬ್ಬೆರಳಿನಿಂದ ಒತ್ತುವ ಚರ್ಮದ ತುಂಡು. ಇದಕ್ಕೆ ಪರಿಹಾರ 1910ರ ದಶಕದಲ್ಲಿ ಬಂತು. ವಿಲಿಯಂ ಬೋಶೆನ್ ಎಂಬ ಬೇಟೆಗಾರರ ಯೋಚನೆಯಂತೆ, ನಕ್ಷತ್ರದ ಆಕಾರದ ತಿರುಪು ಇರುವ ಬ್ರೇಕನ್ನು ರೀಲಿನೊಳಗೇ ಕೂಡಿಸಿದರು. ಈಗ ಮೀನು ದಾರ ಎಳೆದುಕೊಂಡು ಹೋದರೂ ಹಿಡಿಕೆ ಅಲ್ಲಾಡುವುದಿಲ್ಲ. ಹೋರಿಯ ಹಗ್ಗ ಸುತ್ತುವ ಮರ ರೀಲಿನ ಒಳಗೇ ಬಂದು ಕೂತಿತು!

ಇನ್ನೊಂದು ಬಗೆಯ ರೀಲಿಗೆ 1905ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿತು. ಮಾಡಿದವರು ಬಟ್ಟೆ ಗಿರಣಿಯ ಹಿನ್ನೆಲೆಯ ಆಲ್ಫ್ರೆಡ್ ಇಲ್ಲಿಂಗ್‌ವರ್ತ್. ಇದರಲ್ಲಿ ಉರುಳೆ ನಿಂತೇ ಇರುತ್ತದೆ, ಗಿರಣಿಯ ಕದಿರಿನಿಂದ ನೂಲು ಬಿಚ್ಚುವ ಹಾಗೆ ದಾರ ಬಿಚ್ಚುತ್ತದೆ. ಈಗ ನಾವು ಸ್ಪಿನ್ನಿಂಗ್ ರೀಲು ಎನ್ನುವುದು ಇದರ ಸಂತತಿಯನ್ನೇ. 1938ರಲ್ಲಿ ನೈಲಾನ್ ಬಂತು, ಎರಡನೇ ಮಹಾಯುದ್ಧದ ನಂತರ ಗಾಜಿನ ನಾರಿನ ಕೋಲು, 1970ರ ದಶಕದಲ್ಲಿ ಕಾರ್ಬನ್ ಕೋಲು. ಬಿದಿರು ಹಿಂದೆ ಸರಿಯಿತು.

ಹಾಗಾದರೆ ಈಗ ಆರಿಸುವುದು ಹೇಗೆ?

ಕೋಲಿನಿಂದ ಶುರು ಮಾಡಬೇಡಿ, ಮೀನಿನಿಂದ ಶುರು ಮಾಡಿ. ಯಾವ ಮೀನು, ಎಷ್ಟು ತೂಕ, ಎಷ್ಟು ದೂರ ಓಡುತ್ತದೆ? ಅದಕ್ಕೆ ಸರಿಯಾಗಿ ದಾರ, ದಾರಕ್ಕೆ ಸರಿಯಾಗಿ ರೀಲು, ಕೊನೆಗೆ ಕೋಲು.

ಬೋಟು ಓಡುತ್ತಿರುವಾಗ ಹಿಂದೆ ಗಾಳ ಎಳೆಯುವುದಾದರೆ ಉರುಳೆಯೇ ತಿರುಗುವ ಮಲ್ಟಿಪ್ಲೈಯರ್ ರೀಲು ಒಳ್ಳೆಯದು. ನಿಂತ ಬೋಟಿನಿಂದ ದೂರಕ್ಕೆ ಎಸೆಯುವುದಾದರೆ ಸ್ಪಿನ್ನಿಂಗ್ ರೀಲು ಸುಲಭ. ದೊಡ್ಡ ಅಂಜಲ್, ಟ್ಯೂನಾದಂಥ ಮೀನಿಗೆ 300 ಮೀಟರ್ ದಾರವಾದರೂ ಹಿಡಿಸಬೇಕು.

ಬ್ರೇಕನ್ನು ದಾರ ತಡೆಯುವ ತೂಕದ ಕಾಲು ಭಾಗದಿಂದ ಮೂರರಲ್ಲಿ ಒಂದು ಭಾಗಕ್ಕೆ ಇಡುವುದು ರೂಢಿ. 50 ಪೌಂಡಿನ ದಾರವಾದರೆ ಸುಮಾರು 5.5ರಿಂದ 7.5 ಕಿಲೋ. ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿದರೆ ಗೊತ್ತಾಗುತ್ತದೆ. ದಾರ ಖಾಲಿಯಾಗುತ್ತ ಬಂದ ಹಾಗೆ ಉರುಳೆ ಸಣ್ಣದಾಗಿ, ಅದೇ ಬ್ರೇಕು ಹೆಚ್ಚು ಬಿಗಿಯಾಗುತ್ತದೆ. ಸುತ್ತಿನ ಅಡ್ಡಳತೆ ಅರ್ಧವಾದರೆ ಎಳೆತ ಎರಡು ಪಟ್ಟು. ಆಗ ಗಾಬರಿಯಲ್ಲಿ ತಿರುಪು ಇನ್ನಷ್ಟು ಬಿಗಿ ಮಾಡಿದರೆ ದಾರ ಹೋಯಿತೆಂದೇ ಲೆಕ್ಕ.

ಹೊಳೆ ಬದಿಯಲ್ಲಿ ಉದ್ದದ ಕೋಲು ಅನುಕೂಲ. ಬೋಟಿನಲ್ಲಿ ಹಾಗಲ್ಲ. ಕೋಲು ಉದ್ದವಾದಷ್ಟೂ ಭಾರ ಬೀಳುವುದು ಮೀನಿನ ಮೇಲಲ್ಲ, ನಮ್ಮ ಸೊಂಟದ ಮೇಲೆ. ಹಾಗಾಗಿ ಎಳೆಯುವ ಗಾಳಕ್ಕೆ 6 ಅಡಿ ಆಸುಪಾಸು, ಎಸೆಯುವ ಗಾಳಕ್ಕೆ 7ರಿಂದ 8 ಅಡಿ. ಎಷ್ಟು ಪೌಂಡಿನ ದಾರಕ್ಕೆ ಎಂದು ಕೋಲಿನ ಮೇಲೆಯೇ ಬರೆದಿರುತ್ತದೆ, ಓದಿಯೇ ಕೊಳ್ಳಿ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ಉಪ್ಪು ತೊಳೆದು, ಬ್ರೇಕು ಸಡಿಲ ಮಾಡಿ ಇಡಿ. ಬಿಗಿಯಾಗಿಟ್ಟರೆ ಒಳಗಿನ ಬಿಲ್ಲೆಗಳು ಅಪ್ಪಚ್ಚಿಯಾಗಿ ಬ್ರೇಕು ಜಗ್ಗಿ ಜಗ್ಗಿ ಹಿಡಿಯುತ್ತದೆ.

ಮೀನೇ ಇಲ್ಲದಿದ್ದರೆ?

ಥಾಮಸ್ ಗಾಳದ ಹುಚ್ಚಿನ ಸಾಹೇಬ ಮಾತ್ರ ಆಗಿದ್ದರೆ ಇಲ್ಲಿಗೆ ಕಥೆ ಮುಗಿಯುತ್ತಿತ್ತು. ಗಾಳದ ಪುಸ್ತಕಕ್ಕೂ ಮೂರು ವರ್ಷ ಮೊದಲು, 1870ರಲ್ಲಿ, ದಕ್ಷಿಣ ಕನ್ನಡದ ಮೀನು ಸಾಕಣೆಯ ಬಗ್ಗೆ ಅವರ ವರದಿ ಪ್ರಕಟವಾಗಿತ್ತು. ಹೊಳೆಗೆ ವಿಷ ಹಾಕುವುದು, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನೇ ಬಾಚುವುದು ಅವರನ್ನು ಕಾಡಿದ ವಿಷಯಗಳು. ಇಂಥ ಚರ್ಚೆಗಳ ಕೊನೆಯಲ್ಲಿ 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ಮೀನು ಹಿಡಿಯಲು ಸಿಡಿಮದ್ದು, ವಿಷ ಬಳಸಿದರೆ 2 ತಿಂಗಳವರೆಗೆ ಜೈಲು ಅಥವಾ 200 ರೂಪಾಯಿವರೆಗೆ ದಂಡ ಎಂದಿತು ಆ ಕಾಯ್ದೆ.

ಕಾಯ್ದೆ ಬಂದರೂ ಕೆಲಸ ನಿಲ್ಲಲಿಲ್ಲ. 1996ರಲ್ಲಿ ಶಿಶಿಲದ ಕಪಿಲಾ ಹೊಳೆಗೆ ದುಷ್ಕರ್ಮಿಗಳು ವಿಷ ಹಾಕಿ ಸಾವಿರಾರು ದೇವರ ಮೀನು ಸತ್ತವು. ಅಷ್ಟು ಮೀನು ಅಲ್ಲಿ ಉಳಿದುಕೊಂಡು ಬಂದದ್ದು ಊರಿನವರ ನಂಬಿಕೆಯಿಂದ. ಅವನ್ನು ಕೊಲ್ಲಲು ಕೋಲೂ ಬೇಕಾಗಲಿಲ್ಲ, ರೀಲೂ ಬೇಕಾಗಲಿಲ್ಲ.

ಘಟ್ಟದ ಆಚೆಯದ್ದೂ ಅದೇ ಕಥೆ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ, ಸುಮಾರು 54 ಕಿಲೋದ ಮಹಶೀರ್ ಹಿಡಿದದ್ದು ದಾಖಲೆ. ಕಾವೇರಿ ಸೀಮೆಯ ಆ ಗೂನುಬೆನ್ನಿನ ಮಹಶೀರ್‌ಗೆ ವಿಜ್ಞಾನಿಗಳು ಸರಿಯಾದ ವೈಜ್ಞಾನಿಕ ಹೆಸರು ಗುರುತಿಸಿದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ಸಿಗುವಷ್ಟರಲ್ಲಿ ಮೀನೇ ಮುಗಿಯುತ್ತ ಬಂದಿತ್ತು.

ಸಮುದ್ರಕ್ಕೂ ಈ ಮಾತು ಹೊರತಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ ಕೊಡುವುದು ಮೀನು ಮರಿ ಮಾಡಲಿ ಎಂದೇ. ಹಿಡಿದ ಮೀನನ್ನು ಮತ್ತೆ ಬಿಡುವ ಮನಸ್ಸಿದ್ದರೂ ಸಲಕರಣೆ ಸರಿ ಇರಲೇಬೇಕು. ತೀರಾ ತೆಳು ದಾರದಲ್ಲಿ ಗಂಟೆಗಟ್ಟಲೆ ಆಡಿಸಿದ ಮೀನನ್ನು ನೀರಿಗೆ ಬಿಟ್ಟರೂ ಅದು ಬದುಕುವುದು ಕಷ್ಟ.

ಒಳ್ಳೆಯ ರೀಲು ದುಡ್ಡು ಕೊಟ್ಟರೆ ಅಂಗಡಿಯಲ್ಲಿ ಸಿಗುತ್ತದೆ. ಮೀನು ಸಿಗಬೇಕಾದರೆ ಹೊಳೆಯೂ ಸಮುದ್ರವೂ ಸರಿ ಇರಬೇಕು. ಬೇಸಗೆಯಲ್ಲಿ ಕುಮಾರಧಾರೆಯ ಯಾವುದಾದರೂ ಗುಂಡಿಗೆ ಯಾರಾದರೂ ವಿಷವೋ ತೋಟೆಯೋ ಹಿಡಿದು ಹೊರಟದ್ದು ಕಂಡರೆ ಸುಮ್ಮನಿರಬೇಡಿ, ಪಂಚಾಯತ್‌ಗೋ ಪೊಲೀಸರಿಗೋ ಒಂದು ಫೋನ್ ಮಾಡಿ.