ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರು ಅಭಿವೃದ್ಧಿ ಕೇಂದ್ರ: ಇತಿಹಾಸ

ಅಮೆರಿಕದ ಡಲ್ಲಾಸ್ ನಗರದ ಅರೆವಾಹಕ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ತೆರೆದ ಸಂಶೋಧನೆ ಮತ್ತು ಅಭಿವೃದ್ಧಿ ಕೇಂದ್ರ. ಮೊದಲ ನೆಲೆ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್.

ಈ ಕಂಪನಿಯನ್ನು ಭಾರತಕ್ಕೆ ಬಂದ ಮೊದಲ ವಿದೇಶಿ ತಂತ್ರಜ್ಞಾನ ಕಂಪನಿ ಎಂದು ಬರೆಯುವ ರೂಢಿ ಇದೆ. ಅದು ಸರಿಯಲ್ಲ. ಐಬಿಎಂ ಇಲ್ಲಿ ದಶಕಗಳ ಕಾಲ ವ್ಯವಹಾರ ನಡೆಸಿ 1978ರಲ್ಲಿ ಹೊರನಡೆದಿತ್ತು. ಸಿಟಿಕಾರ್ಪ್‌ನ ಸಾಫ್ಟ್‌ವೇರ್ ಕಂಪನಿ ಮುಂಬೈಯಲ್ಲಿ ಶುರುವಾದದ್ದೂ 1985ರಲ್ಲೇ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ಗೆ ನ್ಯಾಯವಾಗಿ ಸಲ್ಲುವ ಮೊದಲ ಸ್ಥಾನ ಬೇರೆ: ತನ್ನದೇ ಉತ್ಪನ್ನಗಳ ಅಭಿವೃದ್ಧಿಗೆ ಇಲ್ಲಿ ಕೇಂದ್ರ ಕಟ್ಟಿ, ಅದನ್ನು ಉಪಗ್ರಹದ ಮೂಲಕ ಮೂಲ ಕಚೇರಿಗೆ ನೇರವಾಗಿ ಜೋಡಿಸಿದ್ದು.

ಆ ಸಂಪರ್ಕ ಸುಲಭಕ್ಕೆ ದಕ್ಕಲಿಲ್ಲ. 1885ರ ಟೆಲಿಗ್ರಾಫ್ ಕಾಯಿದೆಯ ಪ್ರಕಾರ ತಂತಿ, ದೂರಸಂಪರ್ಕವೆಲ್ಲ ಆಗ ಸರಕಾರದ ಏಕಸ್ವಾಮ್ಯವಾಗಿತ್ತು. ಕೊನೆಗೆ ಸಾಧನಗಳ ಖರ್ಚು ಕಂಪನಿಯದು, ಒಡೆತನ ಸರಕಾರದ್ದು ಎಂಬ ಏರ್ಪಾಡಾಯಿತು. ಮುಂದೆ ನಾಡಿನ ಸಾಫ್ಟ್‌ವೇರ್ ರಫ್ತಿಗೆ ದಾರಿ ಬಿಟ್ಟುಕೊಟ್ಟದ್ದು ಕಟ್ಟಡಕ್ಕಿಂತ ಹೆಚ್ಚಾಗಿ ಈ ಒಪ್ಪಂದವೇ.

ಈ ಸಂಪರ್ಕದ ಡಿಶ್ ಆಂಟೆನಾ ಎತ್ತಿನ ಗಾಡಿಯಲ್ಲಿ ಬಂತೆಂಬ ಪ್ರಸಿದ್ಧ ಕಥೆಯನ್ನು, ಎತ್ತಿನ ಗಾಡಿಯ ಮೇಲಿರುವ ಇಸ್ರೋದ ಆ್ಯಪಲ್ ಉಪಗ್ರಹದ ಚಿತ್ರದೊಂದಿಗೆ ಬೆರೆಸಿಬಿಡುವುದುಂಟು. ಎರಡೂ ಬೆಂಗಳೂರಿನವೇ; ಆದರೆ ಆ್ಯಪಲ್ 1981ರದು. ಅದನ್ನು ಗಾಡಿಗೆ ಏರಿಸಿದ್ದು ಬಡತನದಿಂದಲ್ಲ, ಆಂಟೆನಾ ಪರೀಕ್ಷೆಗೆ ಲೋಹವಿಲ್ಲದ ಆಸರೆ ಬೇಕಿತ್ತೆಂಬ ಕಾರಣಕ್ಕೆ.

ಶುರುವಿನಲ್ಲಿ ನೇಮಕಗೊಂಡ ಎಂಜಿನಿಯರುಗಳು ಚಿಪ್ ವಿನ್ಯಾಸಕ್ಕೆ ಬೇಕಾದ ಸಾಫ್ಟ್‌ವೇರ್ ಬರೆಯುತ್ತಿದ್ದರು. ಚಿಪ್ಪಿನ ವಿನ್ಯಾಸವೇ ಅವರ ಕೈಗೆ ಬಂದದ್ದು ಆಮೇಲೆ. 1995ರಲ್ಲಿ ಶ್ರೀನಿ ರಾಜಂ ಭಾರತೀಯ ಘಟಕದ ಮುಖ್ಯಸ್ಥರಾದರು. 1998ರಲ್ಲಿ ಇಲ್ಲಿಯ ತಂಡ 'ಅಂಕುರ್' ಎಂಬ ಡಿಜಿಟಲ್ ಸಿಗ್ನಲ್ ಪ್ರೊಸೆಸರ್ ಚಿಪ್ ರೂಪಿಸಿತು. ಕೇಂದ್ರದ ಇತಿಹಾಸದಲ್ಲಿ ನಿಜವಾದ ತಿರುವು ಇದು. ಹೇಳಿದ ಕೆಲಸ ಮಾಡಿಕೊಡುವ ಜಾಗ ಎಂಬ ಮಾತು ಅಲ್ಲಿಗೆ ನಿಲ್ಲಬೇಕಿತ್ತು. ಹಲವು ಬರಹಗಳಲ್ಲಿ ಇನ್ನೂ ನಿಂತಿಲ್ಲ. 2001ರಲ್ಲಿ ರಾಜಂ ಮತ್ತು ಕೆಲವು ಸಹೋದ್ಯೋಗಿಗಳು ಹೊರಬಂದು ಇಟ್ಟಿಯಂ ಸಿಸ್ಟಮ್ಸ್ ಎಂಬ ಕಂಪನಿ ಕಟ್ಟಿದರು.

ಈ ಕೇಂದ್ರದ ಜಾಡಿನಲ್ಲೇ ವಿದೇಶಿ ಕಂಪನಿಗಳಾದ ಸ್ಯಾಪ್ 1998ರಲ್ಲಿ, ಜನರಲ್ ಎಲೆಕ್ಟ್ರಿಕ್ 2000ದಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆದವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ವಿಂಡ್ ಟನಲ್ ರಸ್ತೆಗೆ, ಅಲ್ಲಿಂದ ಸಿ.ವಿ. ರಾಮನ್ ನಗರದ ಬಾಗ್ಮನೆ ಟೆಕ್ ಪಾರ್ಕಿಗೆ ಸ್ಥಳಾಂತರಗೊಂಡಿತು. 2024ರಲ್ಲಿ ಕರ್ನಾಟಕ ಸರಕಾರ ಇಂಥ ಕೇಂದ್ರಗಳಿಗೆಂದೇ ಪ್ರತ್ಯೇಕ ನೀತಿ ತಂದು, 2029ರೊಳಗೆ 500 ಹೊಸ ಕೇಂದ್ರಗಳ ಗುರಿ ಇಟ್ಟಿತು.