ಮೂರು ಕಾಸಿನ ಮಾತು

ಎಂಟನೆಯ ತರಗತಿಯ ಹುಡುಗಿಯೊಬ್ಬಳ ಪ್ರಬಂಧ ತಿದ್ದುತ್ತಿದ್ದೆ. ವಿಷಯ ‘ನಮ್ಮೂರ ಜಾತ್ರೆ’. ಸಾಲಿಗೆ ಎರಡು ಕಾಗುಣಿತದ ತಪ್ಪು. ಬೇಸರದಲ್ಲಿ, “ನೀನು ಬರೆದಿರೋದಕ್ಕೆ ಕವಡೆ ಕಾಸಿನ ಕಿಮ್ಮತ್ತಿಲ್ಲ” ಎಂದುಬಿಟ್ಟೆ. ಅವಳು ಅಳಲಿಲ್ಲ. ಪುಸ್ತಕ ಎದೆಗವಚಿಕೊಂಡು ಸ್ವಲ್ಪ ಹೊತ್ತು ನಿಂತು, “ಮಿಸ್, ಕವಡೆ ಕಾಸು ಅಂದ್ರೆ ಎಷ್ಟು?” ಎಂದಳು. ಇಷ್ಟು ವರ್ಷದ ಮೇಷ್ಟರಿಕೆಯಲ್ಲಿ ಬೈಗುಳಕ್ಕೆ ಲೆಕ್ಕ ಕೇಳಿದವಳು ಅವಳೊಬ್ಬಳೇ. “ಹೋಗಿ ಕೂತ್ಕೋ” ಎಂದೆ. ಗೊತ್ತಿದ್ದರಲ್ಲವೇ ಹೇಳುವುದು!

ಕವಡೆ ಎಂದರೆ ನಮಗೆಲ್ಲ ಚೌಕಾಬಾರ. ಇಲ್ಲವೇ ಎಲ್ಲಮ್ಮನ ಜೋಗತಿಯರ ಕೊರಳಿನ ಸರ. ಆದರೆ ಅದು ನಿಜವಾಗಿಯೂ ಹಣವಾಗಿತ್ತು. ಮಾಲ್ಡೀವ್ಸ್ ದ್ವೀಪಗಳಲ್ಲಿ ಆರಿಸಿದ ಕವಡೆ ಹಡಗು ತುಂಬಿ ಬಂಗಾಳಕ್ಕೆ ಹೋಗುತ್ತಿತ್ತು, ಅಲ್ಲಿನ ಸಂತೆಗಳಲ್ಲಿ ಚಿಲ್ಲರೆಯಾಗಿ ಓಡಾಡುತ್ತಿತ್ತು. ಈಗ ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್ ಸೀಮೆಯಲ್ಲಿ 18ನೆಯ ಶತಮಾನದ ಕೊನೆಯಲ್ಲೂ ಕಂಪನಿ ಸರ್ಕಾರ ಕಂದಾಯವನ್ನು ಕವಡೆಯಲ್ಲೇ ವಸೂಲು ಮಾಡುತ್ತಿತ್ತು. ಒಂದು ರೂಪಾಯಿಗೆ ಐದು ಸಾವಿರಕ್ಕೂ ಮೇಲೆ ಕವಡೆ. ಅದನ್ನು ಎಣಿಸಿದ ಗುಮಾಸ್ತರ ಗತಿ ಏನಾಗಿರಬೇಡ! ಅಂದರೆ ಆ ಹುಡುಗಿಗೆ ಲೆಕ್ಕದಲ್ಲೇ ಉತ್ತರ ಹೇಳಬಹುದಿತ್ತು.

ಆ ಬೈಗುಳವನ್ನು ಬಿಡಿಸಿ ನೋಡಿದರೆ ಇನ್ನೂ ಸೋಜಿಗ. ಕವಡೆ ಸಂಸ್ಕೃತದ ‘ಕಪರ್ದ’ದಿಂದ ಪ್ರಾಕೃತದ ದಾರಿಯಲ್ಲಿ ಬಂದದ್ದು. ಕಾಸು ನಮ್ಮ ದ್ರಾವಿಡ ಮಾತು. ಕಿಮ್ಮತ್ತು ಅರಬ್ಬಿಯದು, ಪಾರಸಿಯವರ ಕೈದಾಟಿ ಬಂದದ್ದು. ಬೆಲೆಯೇ ಇಲ್ಲ ಎಂದು ಹೇಳಲು ನಾವು ಮೂರು ಕಡೆಯಿಂದ ಸಾಲ ಎತ್ತಿದ್ದೇವೆ!

ಕಾಸಿನ ಕಥೆ ನಮ್ಮ ಮೈಸೂರಿನದೇ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದು ಅಚ್ಚಾಗಿದೆ, ಜೊತೆಗೆ ಇಂಗ್ಲಿಷಿನಲ್ಲಿ ‘ಕ್ಯಾಷ್’ ಎಂದೂ ಇದೆ. ಆ ಕ್ಯಾಷ್ ನಮ್ಮ ಕಾಸೇ. ಬ್ಯಾಂಕಿನ ಕೌಂಟರಿನ ಕ್ಯಾಷ್ ಬೇರೆ ವಂಶದ್ದು. ಆಮೇಲೆ ಬ್ರಿಟಿಷರ ಲೆಕ್ಕ ಬಂತು: ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆ ಪೈಯನ್ನು ನಮ್ಮ ಮನೆಯ ಹಿರಿಯರು ಕಾಸು ಎಂದೇ ಕರೆಯುತ್ತಿದ್ದರು. ಹಾಗಾಗಿ ಮೂರು ಕಾಸು ಎಂದರೆ ಕಾಲಾಣೆ, ರೂಪಾಯಿಯಲ್ಲಿ 64ರಲ್ಲಿ ಒಂದು ಪಾಲು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದು ಈ ಲೆಕ್ಕಕ್ಕೆ ಮುಕ್ತಾಯ ಹಾಡಿತು. ಬೈಗುಳಕ್ಕೆ ಮಾತ್ರ ಆ ಸುದ್ದಿ ಮುಟ್ಟಲಿಲ್ಲ. ‘ಮೂರು ಕಾಸಿನವನು’ ಇನ್ನೂ ಚಲಾವಣೆಯಲ್ಲಿದ್ದಾನೆ. ಆದರೆ ಒಂದು ವ್ಯತ್ಯಾಸವಿದೆ. ಮೂರು ಕಾಸಿನವನು ಎಂದರೆ ಅದು ಗಂಡಸಿನ ಯೋಗ್ಯತೆಗೆ ಮಾತ್ರ ತಗಲುತ್ತದೆ. ಮೂರು ಕಾಸಿನವಳು ಎಂದರೆ ಎಲ್ಲಿಗೆ ತಗಲುತ್ತದೆಂದು ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಅಜ್ಜಿಯ ಎದುರು ಯಾರಾದರೂ ಈ ಮಾತಾಡಿದರೆ ಆಕೆಗೆ ಕೋಪ ಬರುತ್ತಿತ್ತು, ಅದೂ ಬೇರೆಯೇ ಕಾರಣಕ್ಕೆ. “ಮೂರು ಕಾಸು ಕಂಡಿದೀಯೇನೆ ನೀನು? ಒಂದು ಹೊತ್ತಿನ ಸೊಪ್ಪು ಬರ್ತಿತ್ತು. ಅದಿಲ್ಲದೆ ನಾವು ಉಪವಾಸ ಮಲಗಿದ್ದುಂಟು” ಎನ್ನುತ್ತಿದ್ದಳು. ಅವಳು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಮೂರು ಮಕ್ಕಳೊಂದಿಗೆ ಉಳಿದವಳು. ಮದುವೆ ಮನೆ, ಬಾಣಂತಿ ಮನೆ, ಛತ್ರ, ಎಲ್ಲಿ ಕರೆದರೆ ಅಲ್ಲಿ ಅಡುಗೆಗೆ ಹೋಗುತ್ತಿದ್ದಳು. ನನ್ನ ಅಮ್ಮ ಓದಿದ್ದೂ ಆ ಸೌಟಿನಿಂದಲೇ.

ಆ ಅಜ್ಜಿಯ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. 1980ರ ಸುಮಾರು, ನಾನು ಐದನೆಯ ತರಗತಿ. ಚರಿತ್ರೆಯ ಪಾಠ ನಡೆದಾಗ ಕೈಯೆತ್ತಿ, ನಮ್ಮೂರ ಕೆರೆ ಕಟ್ಟಿದ ಕಥೆಯನ್ನು ಅಜ್ಜಿಯಿಂದ ಕೇಳಿದಂತೆಯೇ ಹೇಳಿದೆ. ಮೇಷ್ಟ್ರು ನಕ್ಕರು. “ಅಡುಗೂಲಜ್ಜಿ ಕತೆ ಬೇಡ, ಪುಸ್ತಕ ನೋಡು” ಎಂದರು. ಅವರಿಗೆ ಅದೊಂದು ರೂಢಿಯ ಮಾತು, ನಮ್ಮ ಮನೆಯ ಸಂಗತಿ ಅವರಿಗೆ ತಿಳಿದಿರಲಿಕ್ಕಿಲ್ಲ. ಹುಡುಗರಿಗೆ ತಿಳಿದಿತ್ತು. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಅಜ್ಜಿ ಮಧ್ಯಾಹ್ನ ಕೆಲಸ ಮುಗಿಸಿ, ಸೆರಗಿನಡಿ ಡಬ್ಬಿ ಹಿಡಿದು ಶಾಲೆಯ ಬಾಗಿಲಿಗೆ ಬರುತ್ತಿದ್ದಳು. ಆ ಸಂಜೆ ನಾನು, “ನಾಳೆಯಿಂದ ನೀನು ಬರಬೇಡ” ಎಂದೆ. ಅವಳು ಏಕೆಂದು ಕೇಳಲಿಲ್ಲ, ಬರಲೂ ಇಲ್ಲ. ಡಬ್ಬಿಯನ್ನು ಪಕ್ಕದ ಮನೆಯ ಹುಡುಗನ ಕೈಯಲ್ಲಿ ಕಳಿಸಿದಳು.

ಅಡುಗೂಲಜ್ಜಿ ಎಂದರೆ ಸುಳ್ಳು ಹೇಳುವ ಮುದುಕಿ ಎಂದೇ ನಾನು ಬಹುಕಾಲ ತಿಳಿದಿದ್ದೆ. ಕಾಲೇಜಿಗೆ ಬಂದು ನಿಘಂಟು ತಿರುವಿದಾಗಲೇ ಗೊತ್ತಾದದ್ದು. ಅಡು ಎಂದರೆ ಬೇಯಿಸು. ದಾರಿಹೋಕರಿಗೆ ಅಡುಗೆ ಮಾಡಿ ಹಾಕಿ, ಅವರು ಕೊಟ್ಟಿದ್ದರಲ್ಲಿ ಹೊಟ್ಟೆ ಹೊರೆಯುವವಳು ಅಡುಗೂಲಜ್ಜಿ. ನಮ್ಮ ಜನಪದ ಕಥೆಗಳನ್ನು ಜ್ಞಾಪಿಸಿಕೊಳ್ಳಿ. ರಾಜಕುಮಾರ ಕುದುರೆ ಏರಿ ಕಾಣದ ಊರಿಗೆ ಬರುತ್ತಾನೆ. ಅವನು ಇಳಿದುಕೊಳ್ಳುವುದು ಅರಮನೆಯಲ್ಲಲ್ಲ, ಊರಾಚೆಯ ಅಡುಗೂಲಜ್ಜಿಯ ಮನೆಯಲ್ಲಿ. ಆ ಊರ ರಾಜಕುಮಾರಿಯ ಸುದ್ದಿ, ರಾಕ್ಷಸನ ಗುಟ್ಟು ಎಲ್ಲ ಅವಳಿಗೆ ಗೊತ್ತು. ಹತ್ತೂರಿನ ಜನ ಅವಳ ಜಗಲಿಯ ಮೇಲೆ ಉಂಡು ಮಾತಾಡುವಾಗ ಗೊತ್ತಿಲ್ಲದೆ ಏನು! ಹೀಗೆ ಊರಿನ ಸುದ್ದಿಯೆಲ್ಲ ಕೂಡಿಟ್ಟುಕೊಂಡವಳ ಹೆಸರನ್ನೇ ‘ನಂಬಬೇಡಿ’ ಎಂಬುದಕ್ಕೆ ಗುರುತಾಗಿ ಇಟ್ಟುಕೊಂಡವರು ಯಾರೋ. ಅವಳ ಕೈಯಡುಗೆ ಉಂಡವರೇ ಇರಬೇಕು. ಮೂರು ಕಾಸನ್ನು ಬೈಗುಳ ಮಾಡಿದವರೂ ಅದನ್ನು ನಂಬಿ ಬದುಕಿದವರಲ್ಲ, ಅದು ಬಿದ್ದರೂ ಬಗ್ಗಿ ಎತ್ತಿಕೊಳ್ಳದವರು.

ಈ ಅರ್ಥ ತಿಳಿದಾಗ ಅಜ್ಜಿ ಹೋಗಿ ಎರಡು ವರ್ಷವಾಗಿತ್ತು.

ಅವಳ ಎಲೆಯಡಿಕೆ ಸಂಚಿ ನನ್ನ ಪಾಲಿಗೆ ಬಂದಿದೆ. ಅದರ ದಾರಕ್ಕೆ ಒಂದು ತೂತು ಕಾಸು ಕಟ್ಟಿದೆ. ಯುದ್ಧಕಾಲದಲ್ಲಿ ತಾಮ್ರ ಉಳಿಸಲೆಂದು 1943ರಿಂದ ಹೊರಡಿಸಿದ, ನಡುವೆ ದೊಡ್ಡ ತೂತಿದ್ದ ನಾಣ್ಯ ಅದು. ಬೆಲೆ ಸರಿಯಾಗಿ ಕಾಲಾಣೆ.

ಮಾರನೆಯ ವಾರ ಅದನ್ನು ತರಗತಿಗೆ ಒಯ್ದೆ. ಹುಡುಗಿ ಅದನ್ನು ಕಣ್ಣಿಗೆ ಹಿಡಿದು ತೂತಿನಿಂದ ನನ್ನನ್ನು ನೋಡಿದಳು.

“ಇದು ಮೂರು ಕಾಸು. ಕವಡೆ ಇದಕ್ಕಿಂತ ಎಷ್ಟೋ ಕಡಿಮೆ” ಎಂದೆ.

“ಹಾಗಾದ್ರೆ ನನ್ನ ಪ್ರಬಂಧ ಇದಕ್ಕಿಂತ್ಲೂ ಕಡಿಮೆನಾ ಮಿಸ್?”

ಪುಸ್ತಕ ಕೊಡು ಎಂದು ಮತ್ತೆ ಓದಿದೆ. ಕಾಗುಣಿತದ ತಪ್ಪುಗಳು ಇದ್ದಲ್ಲೇ ಇದ್ದವು. ಆದರೆ ಎರಡನೆಯ ಪುಟದಲ್ಲಿ, ತೇರು ಹೊರಡುವ ಮುನ್ನ ಅವಳ ತಾಯಿ ಪುರಿ ಅಂಗಡಿ ಹಾಕಲು ಜಾಗ ಹಿಡಿದ ಸಂಗತಿಯಿತ್ತು. ಮೊದಲ ಸಲ ನಾನು ಆ ಪುಟದವರೆಗೆ ಓದಿರಲೇ ಇಲ್ಲ.