ಉಪವೃತ್ತಿ ನಿರ್ಬಂಧ (ಜಪಾನಿನ ಸ್ಥಳೀಯ ಸರ್ಕಾರಿ ನೌಕರರು)

ಜಪಾನಿನ ಪ್ರಾಂತ್ಯ, ನಗರ, ಪಟ್ಟಣ ಮತ್ತು ಹಳ್ಳಿ ಆಡಳಿತಗಳ ನೌಕರರು ಸಂಬಳದ ಜೊತೆಗೆ ಬೇರೆ ಸಂಪಾದನೆ ಮಾಡುವುದನ್ನು ನಿಯಂತ್ರಿಸುವ ಕಾನೂನು. 1950ರ ಸ್ಥಳೀಯ ಸಾರ್ವಜನಿಕ ಸೇವಾ ಕಾಯ್ದೆಯ 38ನೇ ವಿಧಿಯೇ ಇದರ ಮೂಲ. ನೇಮಕಾಧಿಕಾರಿಯ ಅನುಮತಿಯಿಲ್ಲದೆ ನೌಕರ ಲಾಭದ ಕಂಪನಿಯಲ್ಲಿ ಪದಾಧಿಕಾರಿ ಆಗುವಂತಿಲ್ಲ, ಸ್ವಂತ ವ್ಯಾಪಾರ ನಡೆಸುವಂತಿಲ್ಲ, ಪ್ರತಿಫಲ ಪಡೆದು ಯಾವ ಕೆಲಸವನ್ನೂ ಮಾಡುವಂತಿಲ್ಲ. ಮೀರಿದವರಿಗೆ ಛೀಮಾರಿಯಿಂದ ವಜಾದವರೆಗೆ ಶಿಸ್ತುಕ್ರಮ ಉಂಟು. ಶಾಲಾ ಶಿಕ್ಷಕರಿಗೆ ಶಿಕ್ಷಣಕ್ಕೆ ಸಂಬಂಧಿಸಿದ ಉಪವೃತ್ತಿಯ ಮಟ್ಟಿಗೆ ಪ್ರತ್ಯೇಕ ಕಾಯ್ದೆಯ ಸಡಿಲಿಕೆಯಿದೆ.

ಗಮನಿಸಬೇಕಾದುದು, ಇದು ಸಂಪೂರ್ಣ ನಿಷೇಧವಲ್ಲ. ಬೀಗದ ಕೈ ಮೇಲಧಿಕಾರಿಯ ಬಳಿ ಇದೆ, ಅಷ್ಟೆ. ಬಹುಕಾಲ ಅದು ತಿರುಗಿದ್ದು ಅಪರೂಪ. 2017ರಲ್ಲಿ ಕೋಬೆ ನಗರ, ಅದರ ಬೆನ್ನಿಗೇ ನಾರಾ ಪ್ರಾಂತ್ಯದ ಇಕೋಮಾ ನಗರ, ಸಮಾಜಕ್ಕೆ ಉಪಯುಕ್ತವಾದ ಕೆಲಸಕ್ಕೆ ಅನುಮತಿ ನೀಡುವ ಮಾನದಂಡಗಳನ್ನು ಬರೆದಿಟ್ಟವು. ಹಳ್ಳಿಗಾಡಿನಲ್ಲಿ ಕಾರಣ ಇನ್ನೂ ಸರಳ: ಕೂಲಿಯಾಳುಗಳ ಅಭಾವ. ಸೇಬಿಗೆ ಹೆಸರಾದ ಹಿರೋಸಾಕಿಯಲ್ಲಿ ನಗರಾಡಳಿತದ ನೌಕರರು ರಜಾದಿನಗಳಲ್ಲಿ ತೋಟಕ್ಕಿಳಿದು ಕೂಲಿ ಪಡೆಯಬಹುದು. ಆದರೆ ತನ್ನ ಕಚೇರಿಯೊಡನೆ ವ್ಯವಹಾರವುಳ್ಳ ಸಂಸ್ಥೆಯಲ್ಲಿ ದುಡಿಯಲು ಅನುಮತಿ ಕಷ್ಟ; ಹಿತಾಸಕ್ತಿಯ ತಿಕ್ಕಾಟವನ್ನು ತಪ್ಪಿಸುವುದೇ ಕಾಯ್ದೆಯ ಮುಖ್ಯ ಉದ್ದೇಶಗಳಲ್ಲೊಂದು. 2020ರ ಏಪ್ರಿಲ್‌ನಿಂದ, ವರ್ಷದ ಲೆಕ್ಕದಲ್ಲಿ ನೇಮಕವಾಗುವ ಅರೆಕಾಲಿಕ ನೌಕರರಿಗೆ ಈ ವಿಧಿ ಅನ್ವಯಿಸುವುದಿಲ್ಲ.